ಕಾರಿನೊಟ್ಟಿಗೆ ಡ್ರೈವರ್

ಹಲಗೆಗಳೆರಡೂ ಕಿರುಗುಟ್ಟಿದವು. ಡ್ರೈವರ್ ಮುದ್ದು ಉಸಿರು ಬಿಗಿಹಿಡಿದು, ಧಣಿಗಳ ಕಪ್ಪು ಕಾರನ್ನು ಪ್ಲಾಟ್‌ಫಾರ್ಮಿನಿಂದ ಗೂಡ್ಸ್ ವ್ಯಾಗನ್ನಿಗೆ ಹತ್ತಿಸಿ ನಿಲ್ಲಿಸಿದ. ತ್ಯಾಂಪಣ್ಣ ಧಣಿಗಳು ಅದನ್ನು ತಮಿಳು ಸೀಮೆಯ ಆಚೆ ತುದಿಯ ಪುದುಕೋಟೆ ಸಂಸ್ಥಾನದ ಜಮೀನ್ದಾರರೊಬ್ಬರಿಗೆ ಮಾರಿದ್ದರು.

ಚಕ್ರಗಳಿಗೆ ಹಗ್ಗ ಬಿಗಿದು ಇಳಿಯಹೊರಟವನಿಗೆ ಧಣಿಗಳು ಕೊಡೆ ಅಡ್ಡ ಹಿಡಿದರು.

"ನೀನೆಲ್ಲಿಗೆ ಇಳಿಯುವುದು? ಕಾರಿನೊಟ್ಟಿಗೆ ಡ್ರೈವರ್ ಅಂತ ಮಾತಾಡಿ ಆಗಿದೆ."

"ನನ್ನತ್ರ ಯಾರೂ ಮಾತಾಡ್ಲಿಲ್ಲ ಧಣಿ."

"ನಿನ್ನತ್ರ ಎಂತ ಮಾತಾಡುವುದು ಮಾರಾಯ? ಕಾರಿನತ್ರ ಕೇಳಿದ್ದೇನಾ?" ಧಣಿಗಳು ತಮ್ಮ ಮಾತಿಗೆ ತಾವೇ ನಕ್ಕರು. "ನಿನ್ನ ಅಜ್ಜ ಬೈಲಗದ್ದೆಯೊಟ್ಟಿಗೆ ನಮ್ಮಲ್ಲಿಗೆ ಬಂದವ. ಅವನತ್ರ ಯಾರಾದ್ರೂ ಕೇಳಿದ್ರಾ?"

ಯಾರೂ ಕೇಳಿರಲಿಲ್ಲ. ಅಜ್ಜ ಮೂಲದ ಆಳು. ಗದ್ದೆ ಕೈಬದಲಾದರೆ ಅದರ ಕೋಣಗಳ ಹಾಗೆ ಆಳೂ ಹೊಸ ಧಣಿಯ ಪಾಲು. ಆ ಕಥೆ ಹೇಳುವಾಗಲೆಲ್ಲ ಅಜ್ಜ ನೆಲ ನೋಡುತ್ತಿದ್ದ.

"ಬಲ್ಮಠದ ಏರು ಹತ್ತಿಸುವ ನಿನ್ನ ಕೈಚಳಕ ಹೇಳಿಯೇ ಅವರನ್ನು ಒಪ್ಪಿಸಿದ್ದು," ಧಣಿಗಳ ದನಿ ಮೆತ್ತಗಾಯಿತು. "ಅಲ್ಲಿ ಜರಿ ಪೇಟ ಕೊಡ್ತಾರೆ, ಬೂಟ್ಸು ಕೊಡ್ತಾರೆ. ಮಲಗಲಿಕ್ಕೆ ಹಂಚಿನ ಕೋಣೆ ಉಂಟು. ಇಲ್ಲಿ ಎಂತ ಉಂಟು ನಿನಗೆ?"

ಮುದ್ದು ಕೀಲಿಯನ್ನು ಕಾರಿನ ಬಾನೆಟ್ಟಿನ ಮೇಲಿಟ್ಟ. ಅಡ್ಡವಿದ್ದ ಕೊಡೆಯನ್ನು ಎರಡೇ ಬೆರಳಿನಿಂದ ಸರಿಸಿ ಪ್ಲಾಟ್‌ಫಾರ್ಮಿಗಿಳಿದ. ಧಣಿಗಳ ಮುಖವನ್ನೇ ನೋಡುತ್ತ ಹೇಳಿದ:

"ಅಜ್ಜ ಗದ್ದೆಯೊಟ್ಟಿಗೆ ಹೋದ. ನಾನು ಕಾರಿನೊಟ್ಟಿಗೆ ಹೋಗುವುದಿಲ್ಲ."