ಮುಳ್ಳೂರಿನ ಓಟಿನ ಸಾಲು

ಅರವತ್ತೇಳರ ಚುನಾವಣೆ ಬಂತೆಂದರೆ ಬಂತು, ಮೈಸೂರಿನ ಹಾಸ್ಟೆಲಿನಲ್ಲಿ ಎಂ.ಎ. ಓದುತ್ತಿದ್ದ ಷಡಕ್ಷರಿಯ ಬಾಯಿಗೆ ಬಿಡುವೇ ಇಲ್ಲದಾಯಿತು. ಇಪ್ಪತ್ತೊಂದು ತುಂಬಿದವರೆಲ್ಲ ಊರಿಗೆ ಹೋಗಿ ಓಟು ಹಾಕಬೇಕು, ಆ ಸಾಲಿನಲ್ಲಿ ಒಡೆಯನೂ ಒಂದೇ ಆಳೂ ಒಂದೇ ಎಂದು ಊಟದ ಮನೆಯ ಬೆಂಚು ಹತ್ತಿ ಹೇಳಿದ್ದೇ ಹೇಳಿದ್ದು. ಪರೀಕ್ಷೆ ಹತ್ತಿರ ಬಂತು, ಬಿಡಪ್ಪ ಎಂದವರನ್ನೂ ಬಿಡಲಿಲ್ಲ. ಅವನ ಮಾತಿಗೆ ಹೊರಟವರಲ್ಲಿ ಅವನದೇ ತರಗತಿಯ, ಅವನದೇ ಮುಳ್ಳೂರಿನ ಮಹದೇವು ಒಬ್ಬ. ಮಹದೇವುವಿನ ಅವ್ವ ಗೋವಿಂದಮ್ಮ ಷಡಕ್ಷರಿಯ ಮನೆಯ ಗದ್ದೆಯಲ್ಲಿ ನಾಟಿ ಹಾಕುವವಳು. ಮೈಸೂರಿನಲ್ಲಿ ಅದು ಇಬ್ಬರಿಗೂ ನೆನಪಾಗುತ್ತಿರಲಿಲ್ಲ. ಒಂದೇ ಲೋಟದ ಕಾಫಿ ಹಂಚಿಕೊಂಡವರು.

ಓಟಿನ ದಿನ ಷಡಕ್ಷರಿ ಸ್ಕೂಲಿನ ಹತ್ತಿರ ಹೋದಾಗ ಬಿಸಿಲೇರಿತ್ತು. ಗಂಡಸರ ಸಾಲು ಬೇವಿನ ಮರ ದಾಟಿತ್ತು. ಕೊನೆಗೆ ನಿಲ್ಲಬೇಕೆಂದೇ ಬಂದವನು. ಆದರೆ ತಲೆಗಳು ತಿರುಗಿದವು, ಹೆಗಲ ಟವೆಲುಗಳು ಕಂಕುಳಿಗಿಳಿದವು, ಸಾಲು ತಾನಾಗಿ ಸರಿದು ದಾರಿಯಾಯಿತು. ಹುಟ್ಟಿದಾಗಿನಿಂದ ಹಾಗೆ ಬಿಟ್ಟ ದಾರಿಯಲ್ಲೇ ನಡೆದ ಕಾಲುಗಳು, ನಡೆದೇ ಬಿಟ್ಟವು.

ಬಾಗಿಲಲ್ಲಿದ್ದ ಮಹದೇವು ಮಾತ್ರ ಸರಿಯಲಿಲ್ಲ. ಪಕ್ಕದ ಹೆಂಗಸರ ಸಾಲಿನಿಂದ ಗೋವಿಂದಮ್ಮ ಅವನ ತೋಳು ಜಗ್ಗಿದಳು.

"ಜಾಗ ಬುಡ್ಲಾ ಮಗ, ಬುದ್ಯೋರು ಓಗ್ಲಿ."

ಮಹದೇವು ಷಡಕ್ಷರಿಯ ಮುಖ ನೋಡಿದ. ಬೇಡ ಗೋವಿಂದಮ್ಮ, ನಾನು ಹಿಂದೆ ನಿಲ್ತೀನಿ ಎಂದಿದ್ದರೆ ಸಾಕಿತ್ತು. ಬೆಂಚು ಹತ್ತಿ ಕೂಗಿದ ಬಾಯಿಗೆ ಅಷ್ಟು ಬರಲಿಲ್ಲ. ಮರದಡಿ ಕುರ್ಚಿ ಹಾಕಿಸಿಕೊಂಡು ಕೂತಿದ್ದ ದೊಡ್ಡಪ್ಪ ಪುಟ್ಟಬಸಪ್ಪನವರು ನೋಡುತ್ತಿದ್ದರು. ಊರೂ ನೋಡುತ್ತಿತ್ತು. ಮಹದೇವು ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

ಒಳಗೆ ಮುದ್ರೆ ಯಾವ ಗುರುತಿನ ಮೇಲೆ ಬಿತ್ತೋ ಷಡಕ್ಷರಿಗೆ ತಿಳಿಯಲಿಲ್ಲ. ಹೊರಗೆ ಬಂದು ಮಹದೇವುವಿನ ಕಿವಿಯ ಹತ್ತಿರ ಬಾಗಿದ.

"ನಾನೇನ್ ಕೇಳ್ನಿಲ್ಲ ಕಣ್ಲಾ. ಅವ್ರಾಗೇ ಬುಟ್ರು."

"ನಾನೂ ಬುಟ್ಟೆ ಕಣಪ್ಪ," ಎಂದ ಮಹದೇವು. "ನೀನ್ ಮುಂದಕ್ಕೋದದ್ದಕ್ಕಿಂತ ಅದೇ ಉರೀತದೆ ನಂಗೆ."

ಅಷ್ಟರಲ್ಲಿ ಒಳಗಿನಿಂದ ಕರೆದರು. ಮಹದೇವು ಹೋದ. ಬೆರಳಿಗೆ ಮಸಿ ಹಾಕಿಸಿಕೊಂಡು ಬಂದವನು ಅವ್ವನಿಗಾಗಿ ಕಾದು ನಿಂತನೇ ಹೊರತು ಇತ್ತ ತಿರುಗಲಿಲ್ಲ.

ಇಬ್ಬರೂ ಒಟ್ಟಿಗೆ ಮೈಸೂರಿಗೆ ಹಿಂತಿರುಗುವುದೆಂದು ಮಾತಾಗಿತ್ತು. ಸಂಜೆ ಕೊಳ್ಳೇಗಾಲದ ಬಸ್ಸಿಗೆ ಷಡಕ್ಷರಿ ಒಬ್ಬನೇ ನಡೆದ. ಗದ್ದೆಯ ಬದುವಿನ ಮೇಲೆ ಎದುರಾದ ಮುದುಕನೊಬ್ಬ ಅವನನ್ನು ಕಂಡು ಕೆಸರಿಗಿಳಿದ. ಷಡಕ್ಷರಿ ತಾನೇ ಬದು ಬಿಟ್ಟು ನಿಂತು, "ನೀವು ಬನ್ನಿ," ಎಂದ.

ಏನು ತಪ್ಪು ಮಾಡಿದೆನೋ ಎಂದು ಮುದುಕ ಹೆದರಿ, ಕೈ ಮುಗಿದುಕೊಂಡು, ಇನ್ನಷ್ಟು ಕೆಸರಿಗೆ ಸರಿದು ನಿಂತ.