ಕಲಿಸುವವರ ಸಹಿ

ಎರಡು ವರ್ಷದಿಂದ ನಮ್ಮ ವ್ಯಾನನ್ನು ಓಡಿಸುತ್ತಿದ್ದುದು ನನ್ನ ಬಾಯಿ. ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದವರು ನಮ್ಮ ಯಜಮಾನರು, ಅಷ್ಟೇ.

ಲಾಂಡ್ರಿಯಲ್ಲಿ ಒಗೆದು ಇಸ್ತ್ರಿ ಮಾಡಿದ ಚಾದರಗಳನ್ನು ಆಸ್ಪತ್ರೆಗಳಿಗೂ ಲಾಡ್ಜುಗಳಿಗೂ ಮುಟ್ಟಿಸಿ, ಕೊಳೆಯಾದವನ್ನು ವಾಪಸ್ ತರುವುದು ನಮ್ಮಿಬ್ಬರ ಕೆಲಸ. ವ್ಯಾನು ಲಾಂಡ್ರಿಯದು. ಇವರು ಡ್ರೈವರ್, ನಾನು ಗಂಟುಗಳನ್ನು ಒಳಗೆ ಹೊತ್ತುಕೊಟ್ಟು ಬರುವವಳು. ಎರಡು ವರ್ಷದ ಹಿಂದೆ ಕಣ್ಣಿನ ಡಾಕ್ಟರು, ನರ ಒಣಗುತ್ತಿದೆ, ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಗಾಡಿ ಓಡಿಸುವುದನ್ನು ಬಿಟ್ಟುಬಿಡಿ ಎಂದರು. ಇವರು ಆ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಸ್ಪ್ಯಾನರ್ ಪೆಟ್ಟಿಗೆಯ ತಳದಲ್ಲಿಟ್ಟರು. ಮಾರನೆಯ ದಿನದಿಂದ ನಾನು ಹೇಳತೊಡಗಿದೆ.

"ಎಡಗಡೆ ಸೈಕಲ್. ಮುಂದೆ ಹಂಪು. ಸಿಗ್ನಲ್ ಕೆಂಪು, ನಿಲ್ಸಿ. ನಿಲ್ಸಿ ಅಂದೆ!"

ತಪ್ಪೆಂದು ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು. ಆದರೆ ಮೂವತ್ತೊಂದು ವರ್ಷ ಒಂದೇ ಒಂದು ಗೀರು ಬೀಳದಂತೆ ಗಾಡಿ ಓಡಿಸಿದ ಮನುಷ್ಯ. ಬೇರೆ ಏನೂ ಬಾರದು, ಒಂದು ಗುಂಡಿ ಹೊಲಿದುಕೊಳ್ಳಲೂ ಬಾರದು. ಇವರನ್ನು ಮನೆಯ ಮೂಲೆಯಲ್ಲಿ ಕೂರಿಸಲು ನನಗೆ ಮನಸ್ಸು ಬರಲಿಲ್ಲ. ಮನಸ್ಸು ಬರಲಿಲ್ಲ ಎಂಬುದು ಎಂಥ ದೊಡ್ಡ ಕೊಬ್ಬಿನ ಮಾತೆಂದು ಆಮೇಲೆ ತಿಳಿಯಿತು.

ಅದು ತಿಳಿದದ್ದು ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ನನಗೆ ಸೀನು ಬಂತು, ಒಂದಲ್ಲ, ಒಂದರ ಹಿಂದೊಂದು ಮೂರು. ಸೀನುವಾಗ ಯಾರ ಕಣ್ಣು ತೆರೆದಿರುತ್ತದೆ? ವ್ಯಾನಿನಲ್ಲಿದ್ದ ನಾಲ್ಕು ಕಣ್ಣುಗಳಲ್ಲಿ ಒಂದೂ ಕೆಲಸಕ್ಕಿರಲಿಲ್ಲ. ಕಣ್ಣು ಬಿಟ್ಟು ನೋಡಿದರೆ ಶಾಲೆಯ ಹುಡುಗಿಯೊಬ್ಬಳು ಎದುರಿಗೇ ಇದ್ದಾಳೆ. ನಾನು ಕಿರುಚಿದೆ, ಇವರು ಬ್ರೇಕ್ ತುಳಿದರು. ಹುಡುಗಿಗೂ ಬಂಪರಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು.

"ಕಣ್ಣು ಕಾಣಲ್ವಾ ಅಂಕಲ್?" ಎಂದು ರೇಗಿ, ಬ್ಯಾಗು ಸರಿಮಾಡಿಕೊಂಡು ಹೋದಳು. ಪಾಪ, ಎಲ್ಲರೂ ಬೈಯುವ ಹಾಗೆ ಬೈದಳು.

ಇವರು ಎಂಜಿನ್ ಆರಿಸಿದರು. ಆಮೇಲೆ ಹೇಳಿದರು: "ಸಾಕು ಕಣೇ. ನೀನು ಕಲಿ."

"ಐವತ್ತೊಂದನೇ ವಯಸ್ಸಲ್ಲಾ?"

"ರಸ್ತೆ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಕ್ಲಚ್ಚು, ಗೇರು ನಾನು ಹೇಳ್ಕೊಡ್ತೀನಿ. ಮೊದಲು ಎಲ್ಲೆಲ್ ಮಾಡಿಸೋಣ."

ಲೆಕ್ಕಾಚಾರ ಸರಿಯಾಗಿಯೇ ಇತ್ತು. ಕಲಿಯುವವರ ಲೈಸೆನ್ಸ್ ಸಿಕ್ಕರೆ, ಪಕ್ಕದಲ್ಲಿ ಪಕ್ಕಾ ಲೈಸೆನ್ಸ್ ಇರುವ ಒಬ್ಬರನ್ನು ಕೂರಿಸಿಕೊಂಡು ನಾನು ಓಡಿಸಬಹುದು. ಕಣ್ಣೂ ನನ್ನದು, ಕೈಯೂ ನನ್ನದು. ಇವರದು ಬುದ್ಧಿ ಮತ್ತು ಕಾರ್ಡು. ಲಾಂಡ್ರಿಯ ಮಾಲೀಕರಿಗೆ ಯಜಮಾನರಿಗೆ ಮೊಣಕಾಲು ನೋವು, ನಾನೇ ಓಡಿಸಲು ಕಲಿಯುತ್ತೇನೆ ಎಂದು ಹೇಳಿದೆ. ಅವರು ಗದ್ದ ಕೆರೆದುಕೊಂಡು, "ಮೂರು ತಿಂಗಳಲ್ಲಿ ಪಕ್ಕಾ ಲೈಸೆನ್ಸ್ ತಂದ್ರೆ ವ್ಯಾನ್ ನಿಮ್ಮತ್ರಾನೇ ಇರಲಿ. ಅಲ್ಲೀವರೆಗೆ ಒಂದು ದಿನಾನೂ ಗಾಡಿ ನಿಲ್ಲಬಾರದು, ನಿಂತ್ರೆ ಬೇರೆ ಡ್ರೈವರನ್ನ ನೋಡ್ಕೋತೀನಿ" ಎಂದರು.

ಮಧ್ಯಾಹ್ನ ಚಾದರಗಳು ಒಣಗುವ ಹೊತ್ತಿನಲ್ಲಿ ಗಂಟುಗಳ ಮೇಲೆ ಕೂತು ಓದಿದೆವು. ಪುಸ್ತಕ ನನ್ನ ಕೈಯಲ್ಲಿ, ಉತ್ತರ ಇವರ ಬಾಯಲ್ಲಿ.

"ಹಿಂದಿನಿಂದ ಆಂಬುಲೆನ್ಸ್ ಬಂದ್ರೆ ಏನು ಮಾಡಬೇಕು?"

"ಒಳಗಿರೋರು ನಮ್ಮ ಚಾದರದ ಗಿರಾಕಿ ಅಂತ ಮರ್ಯಾದೆಯಿಂದ ದಾರಿ ಬಿಡಬೇಕು."

"ಸರಿಯಾಗಿ ಹೇಳ್ರೀ!"

ಇವರು ನಕ್ಕರು. ಎರಡು ವರ್ಷದಲ್ಲಿ ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ. ನನಗೂ ಆಸೆ ಹುಟ್ಟಿತು. ಇನ್ನು ಮೂರು ತಿಂಗಳು ಕಳೆದರೆ ಇವರು ಪಕ್ಕದಲ್ಲಿ ನಿಶ್ಚಿಂತೆಯಾಗಿ ಕೂರಬಹುದು, ನಾನು ಬಾಯಿ ಮುಚ್ಚಿಕೊಂಡು ಗಾಡಿ ಓಡಿಸಬಹುದು.

ಲೈಸೆನ್ಸ್ ಆಫೀಸಿಗೆ ಹೋದ ದಿನವೂ ಹಿಂದುಗಡೆ ಆಸ್ಪತ್ರೆಯ ಚಾದರಗಳನ್ನು ತುಂಬಿಕೊಂಡೇ ಹೋಗಿದ್ದೆವು. ಇಲ್ಲಿಂದ ನೇರ ಅಲ್ಲಿಗೆ ಮುಟ್ಟಿಸುವುದು ಎಂದು. ಇದೇ ಕೊನೆಯ ಸಲ ಎಂದುಕೊಂಡು ದಾರಿಯುದ್ದಕ್ಕೂ ಹೇಳಿದೆ. ಒಳಗೆ ಉದ್ದನೆಯ ಹಾಲು, ಸಾಲಾಗಿ ಪ್ಲಾಸ್ಟಿಕ್ ಕುರ್ಚಿಗಳು. ನಾನು ಮುಂದೆ, ಇವರು ನನ್ನ ಭುಜಕ್ಕೆ ಅಂಟಿಕೊಂಡಂತೆ ಹಿಂದೆ. ನೋಡಿದವರು, ಹೆಂಡತಿಗೆ ಹೆದರುವ ಗಂಡ ಎಂದುಕೊಂಡಿರಬೇಕು. ಎಂದುಕೊಳ್ಳಲಿ ಬಿಡಿ.

ಕಂಪ್ಯೂಟರಿನಲ್ಲಿ ಹದಿನೈದು ಪ್ರಶ್ನೆ. ವಾಹನ ಚಲಾಯಿಸುವಾಗ ಚಾಲಕರ ಗಮನ ಎಲ್ಲಿರಬೇಕು ಎಂಬುದು ಒಂದು. ನಮ್ಮ ವ್ಯಾನಿನಲ್ಲಾದರೆ ಹೆಂಡತಿಯ ಬಾಯಿಯ ಮೇಲೆ ಎಂದುಕೊಂಡು, ರಸ್ತೆಯ ಮೇಲೆ ಎಂಬುದನ್ನು ಒತ್ತಿದೆ. ಹದಿನೈದಕ್ಕೆ ಹದಿನೈದೂ ಸರಿ ಬಂತು.

ಕೌಂಟರಿನಲ್ಲಿದ್ದ ಆಫೀಸರಮ್ಮ, "ಭೇಷ್! ಕಾಲೇಜು ಹುಡುಗರೇ ಫೇಲಾಗಿ ಹೋಗ್ತಿದ್ದಾರೆ, ನೀವು ನೋಡಿ" ಎಂದರು. ಆ ಕ್ಷಣ ನನಗಾದ ಸಂತೋಷವನ್ನು ಯಾಕೆ ಮುಚ್ಚಿಡಲಿ, ಎದೆ ಉಬ್ಬಿಹೋಯಿತು.

"ಕಲಿಸೋರು ಯಾರು? ಅವರದ್ದೊಂದು ಸಹಿ ಬೇಕು."

"ನಾನೇ ಮೇಡಂ" ಎಂದು ಇವರು ತಮ್ಮ ಕಾರ್ಡನ್ನು ಮುಂದಿಟ್ಟರು. "ಮೂವತ್ತೊಂದು ವರ್ಷದ ಲೈಸೆನ್ಸು. ಒಂದು ದಂಡ ಇಲ್ಲ, ಒಂದು ಕೇಸ್ ಇಲ್ಲ."

ಆಕೆ ಕಾಗದವನ್ನೂ ಪೆನ್ನನ್ನೂ ಇವರ ಕಡೆ ಸರಿಸಿದರು. ಮನೆಯಲ್ಲಿ ನಾವು ಎಲ್ಲವನ್ನೂ ಯೋಚಿಸಿದ್ದೆವು. ಮೆಟ್ಟಿಲು ಎಷ್ಟು, ಬಾಗಿಲು ಯಾವ ಕಡೆ, ಯಾರಾದರೂ ಮಾತಾಡಿಸಿದರೆ ದನಿ ಬಂದತ್ತ ಹೇಗೆ ತಿರುಗುವುದು, ಎಲ್ಲ. ಸಹಿಯೊಂದನ್ನು ಯೋಚಿಸಿರಲಿಲ್ಲ. ಪೆನ್ನಿನ ತುದಿ ಕಾಗದದ ಅಂಚು ದಾಟಿ ಹೋಗುತ್ತಿರುವುದು ಕಂಡಿತು. ಕಂಡದ್ದೇ ತಡ, ಎರಡು ವರ್ಷದ ಅಭ್ಯಾಸ, ನನ್ನ ಬಾಯಿ ತಾನೇ ತೆರೆದುಕೊಂಡಿತು.

"ಎಡಕ್ಕೆ. ಇನ್ನೂ ಎಡಕ್ಕೆ. ಸ್ವಲ್ಪ ಮುಂದೆ. ನಿಲ್ಸಿ."

ಇವರು ಸರಿಯಾಗಿ ಗೆರೆಯ ಮೇಲೆ ಚೆಂದದ ಸಹಿ ಹಾಕಿದರು. ತಲೆಯೆತ್ತಿ ನೋಡಿದರೆ ಆಕೆಯ ಮುಖದಲ್ಲಿ ನಗು ಇರಲಿಲ್ಲ. ಕಾರ್ಡನ್ನು ಮಾತಿಲ್ಲದೆ ಇವರ ಮುಂದೆ ಹಿಡಿದರು. ಅದು ಇವರ ಮೂಗಿನಿಂದ ಒಂದು ಮೊಳ ದೂರದಲ್ಲಿತ್ತು. ಇವರು ಕೈ ಕಟ್ಟಿಕೊಂಡು, ಕಾರ್ಡಿಗಾಗಿ ವಿನಯದಿಂದ ಕಾಯುತ್ತ ನಿಂತಿದ್ದರು.

ನಾನು ಹೇಳಬಹುದಿತ್ತು. ಆದರೆ ಆಕೆ ಆಗಲೇ ನನ್ನ ಕಡೆ ತಿರುಗಿದ್ದರು.

"ಎಷ್ಟು ದಿನದಿಂದ?" ಎಂದು ಆಕೆ ನನ್ನನ್ನು ಕೇಳಿದರು.

"ಸ್ವಲ್ಪ ದಿನದಿಂದ" ಎಂದೆ.

"ಇಲ್ಲಿಗೆ ಹೇಗೆ ಬಂದ್ರಿ?"

ಹೊರಗೆ ನಿಂತಿದ್ದ ವ್ಯಾನು ಕಿಟಕಿಯಿಂದ ಕಾಣುತ್ತಿತ್ತು. ಆಕೆ ಬೈದಿದ್ದರೆ ನಾನೂ ತಿರುಗಿ ಬೈಯುತ್ತಿದ್ದೆ. ನನ್ನ ಬಾಯಿ ಸಣ್ಣದಲ್ಲ. ಆದರೆ ಆಕೆ ಬೈಯಲಿಲ್ಲ. ಕಾರ್ಡನ್ನು ಡ್ರಾಯರಿನಲ್ಲಿಟ್ಟು, "ಕಣ್ಣಿನ ಡಾಕ್ಟರ್ ಸರ್ಟಿಫಿಕೇಟ್ ತಂದ್ರೆ ವಾಪಸ್ ಕೊಡ್ತೀನಿ" ಎಂದರು. ಆ ಸರ್ಟಿಫಿಕೇಟು ಈ ಜನ್ಮದಲ್ಲಿ ಸಿಗುವುದಲ್ಲ ಎಂದು ಮೂವರಿಗೂ ಗೊತ್ತಿತ್ತು. ಆಮೇಲೆ ಮುದ್ರೆ ಒತ್ತಿ ನನ್ನ ಕಾಗದ ಕೊಟ್ಟರು. "ನೀವು ಪಾಸಾಗಿದ್ದೀರಿ, ಅದಕ್ಕೆ ಇದು ನಿಮ್ಮದು. ಲೈಸೆನ್ಸ್ ಇರೋರು ಪಕ್ಕದಲ್ಲಿಲ್ಲದೆ ಮಾತ್ರ ಗಾಡಿ ಮುಟ್ಟಬೇಡಿ."

ಹೊರಗೆ ಬಂದು ವ್ಯಾನಿನ ಪಕ್ಕ ನಿಂತೆವು. ನನ್ನ ಕೈಯಲ್ಲಿ ಲೈಸೆನ್ಸು, ಇವರ ಕೈಯಲ್ಲಿ ಕೀಲಿ. ಗಾಡಿಯನ್ನು ಒಂದು ಅಂಗುಲ ಅಲ್ಲಾಡಿಸುವ ಹಕ್ಕು ಇಬ್ಬರಿಗೂ ಇರಲಿಲ್ಲ.

"ನನ್ನ ಬಾಯಿಗೆ ಬೆಂಕಿ ಹಾಕ" ಎಂದೆ.

"ನೀನು ಹೇಳದೇ ಇದ್ದಿದ್ರೆ ಮೇಜಿನ ಮೇಲೆ ಸಹಿ ಹಾಕಿ ಬರ್ತಿದ್ದೆ ಬಿಡು" ಎಂದು ಇವರು ನನ್ನ ಕೈ ಹುಡುಕಿ ಹಿಡಿದುಕೊಂಡರು.

ಆಸ್ಪತ್ರೆಯಿಂದ ಎರಡು ಸಲ ಫೋನ್ ಬಂತು, ಆಪರೇಷನ್ ಕೋಣೆಗೆ ಚಾದರವಿಲ್ಲ ಎಂದು. ಮೂರನೆಯದು ಮಾಲೀಕರದು. ಇನ್ನು ಮುಚ್ಚಿಡುವುದಕ್ಕೆ ಏನು ಉಳಿದಿತ್ತು? ಎಲ್ಲ ಹೇಳಿದೆ. "ಯಾರಾದರೂ ಸತ್ತಿದ್ದರೆ?" ಎಂದರು. ಆಮೇಲೆ, "ಬೇರೆ ಡ್ರೈವರನ್ನ ಕಳಿಸ್ತೀನಿ. ನಾಳೆಯಿಂದ ವ್ಯಾನ್ ಅವನದು. ನೀನು ಬೇಕಾದ್ರೆ ಚಾದರ ಮಡಚೋ ಟೇಬಲ್ಲಿಗೆ ಬಾ" ಎಂದರು. ಇವರ ವಿಷಯ ಅವರೂ ಎತ್ತಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು. ಆದರೆ ಓಣಿಯ ಆ ಹುಡುಗಿ ನೆನಪಾದಳು.

ಅರ್ಧ ಗಂಟೆಯಲ್ಲಿ ಹೊಸ ಡ್ರೈವರ್ ಬಂದ. ನಮ್ಮ ಮಗನ ವಯಸ್ಸಿನವನು, ಕೆಟ್ಟವನೇನಲ್ಲ. ಇವರು ಕೀಲಿ ಕೊಟ್ಟು, "ಎರಡನೇ ಗೇರು ಸ್ವಲ್ಪ ಬಿಗಿ. ಮೆತ್ತಗೆ ಹಾಕಪ್ಪ" ಎಂದರು. ಅವನು ತನ್ನ ಸೀಟಿನಲ್ಲಿ, ನಾನು ನಡುವೆ, ಇವರು ಮೊದಲ ಸಲ ಆ ಕಡೆಯ ಕಿಟಕಿಗೆ.

ಗೇಟು ದಾಟುತ್ತಲೇ ನಾನೆಂದೆ, "ಎಡಗಡೆ ಸೈಕಲ್."

"ಕಾಣಿಸ್ತಿದೆ ಅಮ್ಮ" ಎಂದ ಅವನು. "ನನಗೆ ಕಣ್ಣಿದೆ."

ಇವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅಲ್ಲಿಂದ ಆಸ್ಪತ್ರೆಗೆ ಹದಿಮೂರು ತಿರುವು, ನಾಲ್ಕು ಸಿಗ್ನಲ್ಲು. ಸಿಗ್ನಲ್ಲಿನಲ್ಲಿ ಗಾಡಿ ನಿಂತಾಗಲೆಲ್ಲ ಇವರ ಬಲಗಾಲು ಬ್ರೇಕ್ ಎಂಬಂತೆ ಬರಿಯ ನೆಲವನ್ನು ತಡವಾಗಿ ತುಳಿಯುತ್ತಿತ್ತು. ಯಾಕೆಂದರೆ ನಾನು ಹೇಳುತ್ತಿರಲಿಲ್ಲ.