ಪಕ್ಕದ ಮಂಚದವರ ಸಿಸ್ಟರ್

ಪಕ್ಕದ ಮಂಚದವರು ಸಿಸ್ಟರ್ ಕೈ ಬೆಚ್ಚಗೆ ಮಾಡಿದ್ದಾರೆ ಎಂಬುದರಲ್ಲಿ ಟೈಲರಮ್ಮನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಇಲ್ಲದಿದ್ದರೆ ಇಡೀ ವಾರ್ಡಿಗಿರುವ ಒಬ್ಬಳೇ ಸಿಸ್ಟರ್ ಆ ಮಂಚದ ಲಾರಿ ಡ್ರೈವರನಿಗೇ ಯಾಕೆ ಜೋತುಬೀಳಬೇಕು? ತನ್ನ ಮಗನಿಗೂ ಆಪರೇಷನ್ ಆಗಿದೆ. ಬೆಳಿಗ್ಗೆ ಹೊಟ್ಟೆಯ ಪಟ್ಟಿ ನೋಡಿ "ಚೆನ್ನಾಗಿದ್ದಾನೆ" ಎಂದು ಹೋದವಳು ಮತ್ತೆ ಈ ಕಡೆ ತಲೆ ಹಾಕಿಲ್ಲ. ಟೈಲರಮ್ಮನೋ, ಬಟ್ಟೆ ಅಳೆಯುವಾಗ ಅಂಗಡಿಯವನ ಹೆಬ್ಬೆರಳ ಮೇಲೇ ಕಣ್ಣಿಡುವ ಹೆಂಗಸು. ಅವಳ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ.

ಡ್ರೈವರನ ಗಂಟಲಿಗೆ ತೂತು ಮಾಡಿ ಉಸಿರಾಟಕ್ಕೊಂದು ನಳಿಗೆ ಇಟ್ಟಿದ್ದರು. ಅದರಲ್ಲಿ ಕಫ ಕಟ್ಟಿ ಗೊರಗೊರ ಎಂದಾಗಲೆಲ್ಲ ಸಿಸ್ಟರ್ ಓಡಿಬಂದು ಯಂತ್ರದಿಂದ ಎಳೆದು ತೆಗೆಯುತ್ತಿದ್ದಳು. ದುಡ್ಡು ಕೊಟ್ಟವರ ಕಫವೂ ಕಾಣಿಸುತ್ತದೆ ಎಂದುಕೊಂಡಳು ಟೈಲರಮ್ಮ.

"ನಮ್ಮ ಹುಡುಗನ ಹತ್ರ ಬರೋಕೆ ಏನು ಕೊಡ್ಬೇಕು ಸಿಸ್ಟರ್, ಹೇಳ್ಬಿಡಿ."

"ಏನೂ ಬೇಡಮ್ಮ. ನಾನು ಬರ್ತಿಲ್ಲ ಅಂದ್ರೆ ಸಂತೋಷಪಡಿ," ಎಂದಳು ಸಿಸ್ಟರ್, ನಡೆಯುತ್ತಲೇ ಗ್ಲೌಸ್ ಹಾಕಿಕೊಳ್ಳುತ್ತ. ಬೆಳಿಗ್ಗೆಯಿಂದ ಅವಳು ಕೂತದ್ದನ್ನು ಯಾರೂ ನೋಡಿರಲಿಲ್ಲ.

ಮಧ್ಯಾಹ್ನ ಡ್ರೈವರನ ಹೆಂಡತಿ ಔಷಧಿ ತರಲು ಹೊರಟಳು. "ಅಕ್ಕಾ, ಸದ್ದು ಬಂದ್ರೆ ಸಿಸ್ಟರ್‌ನ ಕೂಗಿ." ಸ್ವಲ್ಪ ಹೊತ್ತಿಗೇ ಸದ್ದು ಬಂತು. ವಾರ್ಡಿನ ಆ ತುದಿಯಿಂದ ಸಿಸ್ಟರ್ ತಾನಾಗಿಯೇ ಧಾವಿಸಿ ಬಂದಳು. ಅದನ್ನು ಕಂಡು ಟೈಲರಮ್ಮನ ಹೊಟ್ಟೆ ಉರಿದುಹೋಯಿತು. ಎದ್ದು ಅಡ್ಡ ನಿಂತಳು.

"ನನ್ನ ಮಗನಿಗೆ ಉಸಿರು ಕಟ್ತಿದೆ."

ಸಿಸ್ಟರ್ ಎರಡು ಮಂಚಗಳ ನಡುವೆ ತಡವರಿಸಿದಳು. ಆಪರೇಷನ್ ಆದ ಹುಡುಗ, ಬಿಡುವಂತಿಲ್ಲ. ಈ ಕಡೆಗೇ ತಿರುಗಿ ನಾಡಿ ಹಿಡಿದಳು, ಎದೆಗೆ ಸ್ಟೆತಸ್ಕೋಪ್ ಇಟ್ಟಳು, ಕೆನ್ನೆ ತಟ್ಟಿ ಎಬ್ಬಿಸಿದಳು. ಕೊನೆಗೂ ಬಂದಳಲ್ಲ ಎಂದು ಟೈಲರಮ್ಮನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ನಂಗೇನಾಗಿಲ್ಲಮ್ಮ. ಮಲಗಿದ್ದೆ," ಎಂದ ಮಗ ಕಣ್ಣುಜ್ಜಿಕೊಂಡು.

ಅಷ್ಟರಲ್ಲಿ ಪಕ್ಕದ ಮಂಚದ ಸದ್ದು ನಿಂತಿತ್ತು. ಸಿಸ್ಟರ್ ಹಾರಿಹೋಗಿ ಕೈಲಾದದ್ದೆಲ್ಲ ಮಾಡಿದಳು, ಡಾಕ್ಟರೂ ಓಡಿಬಂದರು. ಹೆಂಡತಿ ಔಷಧಿ ಹಿಡಿದು ಬರುವ ವೇಳೆಗೆ ಮುಖಕ್ಕೆ ಹೊದಿಕೆ ಎಳೆದಾಗಿತ್ತು.

"ಇವ್ಳು ಇನ್ಯಾರ ಹತ್ರಾನೋ ದುಡ್ಡು ತಗೊಂಡಿದಾಳೆ ಡಾಕ್ಟ್ರೇ. ಅದಕ್ಕೇ ನಮ್ಮವ್ರನ್ನ ಬಿಟ್ಟು ಹೋಗಿದಾಳೆ," ಎಂದಳು ಆಕೆ ಅಳುತ್ತ. "ಬೇಕಾದ್ರೆ ಈ ಅಕ್ಕನ್ನ ಕೇಳಿ."

ಡಾಕ್ಟರು ಟೈಲರಮ್ಮನ ಕಡೆ ತಿರುಗಿದರು. ಆ ಜೀವ ಹೋದದ್ದು ತನ್ನಿಂದಲೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ನಾನು ಮಗನ್ನ ನೋಡ್ತಿದ್ದೆ. ಸಿಸ್ಟರ್ ಎಲ್ಲಿದ್ರೋ ಗೊತ್ತಿಲ್ಲ."

ಸಿಸ್ಟರ್ ಅವಳನ್ನೇ ನೋಡಿದಳು, ಏನೋ ಹೇಳಹೊರಟಳು. ಅಷ್ಟರಲ್ಲಿ ಆ ತುದಿಯಿಂದ ಯಾರೋ ಕೂಗಿದರು. ಹೋದಳು.

ಟೈಲರಮ್ಮ ಮಗನ ಕೈ ಹಿಡಿಯಲು ಹೋದಳು. ಅವನು ಕೊಡಲಿಲ್ಲ.